ಹಾಂಕೊ ಬಂದರಿನ ಹಕ್ಕಿಗಳು

ಹೆಲ್ಸಿಂಕಿಯಲ್ಲಿ ನೆಲೆಸಿರುವ ಮಗನನ್ನು ಕಾಣಲು ನಾವು ದಂಪತಿಗಳು ಕಳೆದ ಬೇಸಿಗೆಯಲ್ಲಿ ಹೋಗಿದ್ದೆವು. ಒಂದು ದಿನ ಅವನು ನಮ್ಮನ್ನು ಫಿನ್ಲೆಂಡಿನ ದಕ್ಷಿಣದ ತುದಿಯ ಹಾಂಕೊ ಪಟ್ಟಣಕ್ಕೆ ಕರೆದೊಯ್ದನು. 1874ರಲ್ಲಿ ಸ್ಥಾಪಿತವಾದ ಬಂದರು ಪಟ್ಟಣ ಅದು. ಟುಲ್ಲಿನಿಯೆಮಿಯ ಕಾಲುದಾರಿಯಲ್ಲಿ ಪೈನ್ ಮರಗಳ ನಡುವೆ, ಬಾಲ್ಟಿಕ್ ಸಮುದ್ರದ ಗಾಳಿಗೆ ಮೈಯೊಡ್ಡಿ ನಡೆದೆವು. ನಮ್ಮ ಮೊಣಕಾಲ ನೋವೂ ಅಂದು ಮರೆತುಹೋಗಿತ್ತು.

ಮಧ್ಯಾಹ್ನ ಕಡಲ ದಂಡೆಯಲ್ಲಿ ಒಂದು ಸ್ಮಾರಕವನ್ನು ಕಂಡೆವು: ಹಾರಿಹೋಗುತ್ತಿರುವ ಹಕ್ಕಿಗಳು. 1880ರಿಂದ 1930ರವರೆಗೆ ಸುಮಾರು 2.5 ಲಕ್ಷ ಜನರು ಹೊಟ್ಟೆಪಾಡನ್ನರಸಿ ಈ ಬಂದರಿನಿಂದ ಹಡಗೇರಿದರಂತೆ, ಬಹುಪಾಲು ಅಮೆರಿಕೆಗೆ. 1940ರಲ್ಲಿ ಯುದ್ಧದ ಸಂಧಾನದಂತೆ ಊರನ್ನೇ 30 ವರ್ಷಗಳ ಗುತ್ತಿಗೆಗೆ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿ ನಿವಾಸಿಗಳು ಮನೆ ತೊರೆಯಬೇಕಾಯಿತು. 1941ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ತೆರವು ಮಾಡಿದ ಬಳಿಕವೇ ಮರಳುವ ದಾರಿ ತೆರೆಯಿತು.

"ಊರಿಗೆ ಎಂದು ಬರುತ್ತೀಯಪ್ಪಾ?" ಎಂದು ಕೇಳಲೆಂದೇ ನಾವು ಅಷ್ಟು ದೂರ ಹೋದದ್ದು. ಆ ಹಕ್ಕಿಗಳ ಮುಂದೆ ಮಾತು ಹೊರಡಲಿಲ್ಲ. ಮಗನೇ ಮೆಲ್ಲನೆ, "ಅಪ್ಪಾಜಿ, ಇಲ್ಲಿಂದ ಹೋದವರಲ್ಲಿ ತಿರುಗಿ ಬಂದವರೂ ಉಂಟು" ಎಂದನು. ಅವನ ತಾಯಿ ಅವನ ಕೈ ಹಿಡಿದುಕೊಂಡರು. ನಾವು ಮತ್ತೇನೂ ಕೇಳಲಿಲ್ಲ.

ಮಕ್ಕಳು ನೆಲೆನಿಂತ ನಾಡನ್ನು ಹೆತ್ತವರು ಒಮ್ಮೆಯಾದರೂ ನಡೆದು ನೋಡಬೇಕು. ಕೇಳಬೇಕೆಂದುಕೊಂಡ ಎಷ್ಟೋ ಪ್ರಶ್ನೆಗಳು ಅಲ್ಲಿ ಮೃದುವಾಗುತ್ತವೆ.