ಕಸಿದುಕೊಂಡನೇ, ಕೊಟ್ಟರೇ?

1988ರಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದಿದ್ದೆ. 'ಇಂದಿನ ಭಾರತಕ್ಕೆ ಸರ್ವಾಧಿಕಾರವೇ ಮದ್ದು' ಎಂಬುದು ವಿಷಯ. ನಾನು ಪರವಾಗಿ ಮಾತನಾಡಿದ್ದೆ. ಬಸ್ಸು ಸಮಯಕ್ಕೆ ಬರುವುದಿಲ್ಲ, ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದಿಲ್ಲ, ಲಂಚ ಕೊಡದೆ ಕಡತ ಅಲುಗಾಡುವುದಿಲ್ಲ ಎಂದು ಶುರುಮಾಡಿ, ಮುಸ್ಸೊಲಿನಿ ಬಂದ ಮೇಲೆ ಇಟಲಿಯ ರೈಲುಗಳು ಗಡಿಯಾರದ ಮುಳ್ಳಿನಂತೆ ಓಡಿದವು, ಹಿಟ್ಲರ್ ಬಂದ ಮೇಲೆ ಜರ್ಮನಿಯಲ್ಲಿ ಕೆಲಸವಿಲ್ಲದವನೇ ಉಳಿಯಲಿಲ್ಲ ಎಂದು ಮುಗಿಸಿದ್ದೆ. ಸಭಾಂಗಣದ ತುಂಬಾ ಚಪ್ಪಾಳೆ. ಬಹುಮಾನವಾಗಿ ಬಂದ ಸ್ಟೀಲ್ ತಟ್ಟೆಯಲ್ಲಿ ನನ್ನ ಹೆಸರು, ಇಸವಿ ಕೆತ್ತಿದ್ದರು. ಅದು ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ಮುಂದೆ ನಾನು ಇತಿಹಾಸದ ಉಪನ್ಯಾಸಕನೇ ಆದೆ. ದ್ವಿತೀಯ ಪಿಯುಸಿ ಮಕ್ಕಳಿಗೆ ವರ್ಷವರ್ಷವೂ ಒಂದೇ ನೋಟ್ಸ್ ಬರೆಸುತ್ತಿದ್ದೆ. ಎರಡನೇ ಮಹಾಯುದ್ಧಕ್ಕೆ ಕಾರಣಗಳು: ವರ್ಸೇಲ್ಸ್ ಒಪ್ಪಂದದ ಅವಮಾನ, ಆರ್ಥಿಕ ಮುಗ್ಗಟ್ಟು, ಸರ್ವಾಧಿಕಾರಿಗಳ ಉದಯ, ರಾಷ್ಟ್ರಸಂಘದ ವೈಫಲ್ಯ, ತುಷ್ಟೀಕರಣ ನೀತಿ. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಧಾರಾಳವಾಗಿ ಸಾಕು. ಅದರ ನಡುವೆ ಒಂದು ವಾಕ್ಯವಿತ್ತು: '1933ರಲ್ಲಿ ಹಿಟ್ಲರನು ಅಧಿಕಾರವನ್ನು ಕಸಿದುಕೊಂಡು ಸರ್ವಾಧಿಕಾರಿಯಾದನು.'

2009ರ ನವೆಂಬರಿನಲ್ಲಿ ಈ ವಾಕ್ಯ ಬರೆಸುತ್ತಿದ್ದಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕಸಿದುಕೊಂಡದ್ದು ಯಾರ ಕೈಯಿಂದ?"

"ಸರ್ಕಾರದ ಕೈಯಿಂದ" ಎಂದೆ.

"ಅವರು ಸುಮ್ಮನೆ ಬಿಟ್ಟರಾ ಸರ್?"

ಸಮಯವಿಲ್ಲ, ಮುಂದೆ ಬರೆದುಕೋ ಎಂದುಬಿಟ್ಟೆ. ಗಂಟೆ ಬಾರಿಸಲು ಇನ್ನೂ ಕಾಲು ಗಂಟೆ ಇತ್ತು. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಹದಿಮೂರು ವರ್ಷಗಳಿಂದ ಕಲಿಸುತ್ತಿದ್ದ ಪಾಠ ಅದು.

ಬೆಂಗಳೂರಿನಲ್ಲಿದ್ದ ತಂಗಿಯ ಮಗನಿಂದ ವಿಲಿಯಂ ಶೈರರ್ ಮತ್ತು ರಿಚರ್ಡ್ ಇವಾನ್ಸ್ ಅವರ ದಪ್ಪ ದಪ್ಪ ಪುಸ್ತಕಗಳನ್ನು ತರಿಸಿಕೊಂಡೆ. ರಾತ್ರಿ ಊಟವಾದ ಮೇಲೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ಮೊದಲು ತಲೆಕೆಳಗಾದದ್ದು ನನ್ನ ಪಟ್ಟಿಯ ಮೊದಲನೇ ಕಾರಣವೇ. ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಅವಮಾನವೊಂದೇ ಹಿಟ್ಲರನನ್ನು ಹುಟ್ಟುಹಾಕುವಂತಿದ್ದರೆ ಒಂಬತ್ತು ವರ್ಷಗಳಲ್ಲಿ ಅವನು ಎಲ್ಲಿಗೋ ತಲುಪಿರಬೇಕಿತ್ತು. ಆದರೆ 1928ರ ಚುನಾವಣೆಯಲ್ಲಿ ನಾಝಿ ಪಕ್ಷಕ್ಕೆ ಸಿಕ್ಕ ಮತ ಶೇ. 2.6, ಸ್ಥಾನ ಕೇವಲ 12. ಮರುವರ್ಷ ಅಮೆರಿಕದಲ್ಲಿ ಶೇರುಪೇಟೆ ಕುಸಿಯಿತು. ಜರ್ಮನಿಗೆ ಬರುತ್ತಿದ್ದ ಸಾಲ ನಿಂತಿತು, ಕಾರ್ಖಾನೆಗಳು ಮುಚ್ಚಿದವು. 1930ರಲ್ಲಿ ಅದೇ ಪಕ್ಷಕ್ಕೆ 107 ಸ್ಥಾನ. 1932ರ ಆರಂಭದಲ್ಲಿ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ದಾಟಿತ್ತು. ಆ ಜುಲೈನಲ್ಲಿ ಶೇ. 37.3 ಮತ, 230 ಸ್ಥಾನ. ಹಳೆಯ ಗಾಯಕ್ಕೆ ಹಸಿವು ಸೇರಿದ ಮೇಲೆಯೇ ಜನ ಆ ಕಡೆ ತಿರುಗಿದ್ದು.

ಹಾಗೆಂದು ಜನರೇ ಬಹುಮತ ಕೊಟ್ಟರು ಎನ್ನೋಣವೆಂದರೆ ಅದೂ ಅಲ್ಲ. 1932ರ ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ಅವನ ಮತ ಶೇ. 33.1ಕ್ಕೆ ಇಳಿಯಿತು, ಸ್ಥಾನ 196ಕ್ಕೆ. ಪಕ್ಷ ಸಾಲದಲ್ಲಿ ಮುಳುಗಿತ್ತು. ಹೀಗೆ ಇಳಿಯುತ್ತಿದ್ದವನನ್ನು ಕೈಹಿಡಿದು ಮೇಲೆತ್ತಿದವರು ಫಾನ್ ಪಾಪೆನ್ ಮತ್ತು ಅವನ ಸ್ನೇಹಿತರು. ಇವರೆಲ್ಲ ಮರ್ಯಾದಸ್ಥರು, ಜಮೀನುದಾರರು, ಹಳೆಯ ಮನೆತನದವರು. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಝಿಗಳು ಮೂವರೇ, ಉಳಿದವರೆಲ್ಲ ನಮ್ಮವರು, ಅವನು ನಮ್ಮ ಹಿಡಿತದಲ್ಲೇ ಇರುತ್ತಾನೆ ಎಂಬುದು ಅವರ ಲೆಕ್ಕಾಚಾರ. 1933ರ ಜನವರಿ 30ರಂದು ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್ ಆಗಿ ನೇಮಿಸಿದ. ಸಂವಿಧಾನದ ಪ್ರಕಾರವೇ.

ನನ್ನ ನೋಟ್ಸಿನ 'ಕಸಿದುಕೊಂಡನು' ಎಲ್ಲಿ ಬರುತ್ತದೆಂದು ಹುಡುಕುತ್ತ ಮುಂದೆ ಹೋದೆ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಎಲ್ಲವನ್ನೂ ಅಮಾನತಿನಲ್ಲಿಡುವ ಸುಗ್ರೀವಾಜ್ಞೆ ಬಂತು. ಅದಕ್ಕೂ ಅಧ್ಯಕ್ಷರ ಸಹಿ ಇದೆ. ಮಾರ್ಚ್ 23ರಂದು ಸಂಸತ್ತನ್ನು ಬದಿಗಿಟ್ಟು ಸರ್ಕಾರವೇ ಕಾನೂನು ಮಾಡಬಹುದೆಂಬ ಮಸೂದೆ ಬಂತು. ಕ್ರೋಲ್ ಒಪೇರಾ ಭವನದಲ್ಲಿ ಅಧಿವೇಶನ. ಒಳಗೂ ಹೊರಗೂ ಸಮವಸ್ತ್ರದ ನಾಝಿ ದಳದವರು ನಿಂತಿದ್ದರು. ಕಮ್ಯುನಿಸ್ಟ್ ಸದಸ್ಯರು 81 ಮಂದಿ ಗೆದ್ದಿದ್ದರೂ ಒಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ. ಸೋಶಿಯಲ್ ಡೆಮಾಕ್ರಾಟ್ ನಾಯಕ ಓಟೋ ವೆಲ್ಸ್ ಒಬ್ಬನೇ ಎದ್ದುನಿಂತು ವಿರೋಧಿಸಿ ಮಾತನಾಡಿದ. ಅವನ ಪಕ್ಷದ ಹಾಜರಿದ್ದ 94 ಮಂದಿ ವಿರುದ್ಧ ಮತ ಹಾಕಿದರು. ಪರವಾಗಿ 444. ಕ್ಯಾಥೊಲಿಕರ ಸೆಂಟರ್ ಪಕ್ಷ ಕೊನೆಯ ಗಳಿಗೆಯವರೆಗೂ ತಡವರಿಸಿ, ಒಂದಿಷ್ಟು ಬಾಯಿಮಾತಿನ ಭರವಸೆ ಪಡೆದು, 'ಆಗಲಿ' ಎಂದಿತು. ಆ ಭರವಸೆಗಳ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ. ಜುಲೈ ಹೊತ್ತಿಗೆ ಆ ಪಕ್ಷವೇ ಇರಲಿಲ್ಲ.

ಆ 94 ಮಂದಿಯ ಬಗ್ಗೆ ನಾನು ಒಮ್ಮೆಯೂ ಪಾಠ ಮಾಡಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅವರು ಬರುವುದಿಲ್ಲ.

ಇನ್ನು ನನ್ನ ಚರ್ಚಾಸ್ಪರ್ಧೆಯ ರೈಲುಗಳ ಕತೆ. ಅದು ಬಹುಪಾಲು ಮುಸ್ಸೊಲಿನಿಯ ಪ್ರಚಾರದ ಮಾತು. ಆದರೆ ಅವನು ಅಧಿಕಾರಕ್ಕೆ ಬಂದದ್ದು ಮಾತ್ರ ನಿಜವಾಗಿ ರೈಲಿನಲ್ಲೇ. 1922ರ ಅಕ್ಟೋಬರಿನಲ್ಲಿ ಕರಿ ಅಂಗಿಯವರು ರೋಮಿನ ಕಡೆ ಹೊರಟಾಗ ಪ್ರಧಾನಿ ಫಾಕ್ಟಾ ಸೇನಾ ಕಾಯಿದೆ ಹೇರುವ ಆಜ್ಞೆ ಸಿದ್ಧಪಡಿಸಿದ್ದ. ದೊರೆ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಮಿಲಾನಿನಲ್ಲಿ ಕಾದು ಕುಳಿತಿದ್ದ ಮುಸ್ಸೊಲಿನಿ ದೊರೆಯ ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿ ಬೆಳಿಗ್ಗೆ ರೋಮಿನಲ್ಲಿ ಇಳಿದ. ಒಂದು ಕಡೆ ಹಾಕಿದ ಸಹಿ, ಇನ್ನೊಂದು ಕಡೆ ಹಾಕದ ಸಹಿ.

ಉಮರ್ ಮುಖ್ತಾರ್ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಆಂಥೋನಿ ಕ್ವಿನ್ ನಟಿಸಿದ ಸಿನಿಮಾವನ್ನು ನಾನೂ ಗೆಳೆಯನ ಮನೆಯಲ್ಲಿ ವಿಸಿಆರ್ ಬಾಡಿಗೆಗೆ ತಂದು ನೋಡಿದ್ದೆ, ಕೊನೆಯಲ್ಲಿ ಕಣ್ಣೊರೆಸಿಕೊಂಡಿದ್ದೆ. 1931ರ ಸೆಪ್ಟೆಂಬರ್ 16ರಂದು ಆ ವೃದ್ಧನನ್ನು ಗಲ್ಲಿಗೇರಿಸಿದ್ದು ಇದೇ ಮುಸ್ಸೊಲಿನಿಯ ಸರ್ಕಾರ. ಅದಕ್ಕೆ ಮೊದಲು ಪೂರ್ವ ಲಿಬಿಯಾದ ಸುಮಾರು ಒಂದು ಲಕ್ಷ ಜನರನ್ನು ಅವರ ಜಾನುವಾರುಗಳ ಸಮೇತ ಮರುಭೂಮಿಯ ಶಿಬಿರಗಳಿಗೆ ಅಟ್ಟಲಾಗಿತ್ತು. ಹತ್ತಾರು ಸಾವಿರ ಮಂದಿ ಅಲ್ಲೇ ಸತ್ತರು. ಸಿನಿಮಾ ನೋಡಿ ಅತ್ತವನೇ ಸ್ವಲ್ಪ ಕಾಲದ ನಂತರ ವೇದಿಕೆ ಹತ್ತಿ ಅವನ ರೈಲುಗಳನ್ನು ಹೊಗಳಿದ್ದೆ! ಎರಡೂ ಒಬ್ಬನದೇ ಕೆಲಸವೆಂದು ನನಗೆ ಹೊಳೆದಿರಲಿಲ್ಲ. ಯುರೋಪಿನವರಿಗೂ ಹೊಳೆಯಲಿಲ್ಲವೇನೋ. 1935ರಲ್ಲಿ ಅವನು ಇಥಿಯೋಪಿಯಾದ ಮೇಲೆ ಬಿದ್ದು ವಿಷಾನಿಲ ಸುರಿದಾಗ ರಾಷ್ಟ್ರಸಂಘ ದಿಗ್ಬಂಧನ ಹಾಕಿತು. ಆದರೆ ಪೆಟ್ರೋಲಿಯಂ ಅದರಲ್ಲಿ ಸೇರಿರಲಿಲ್ಲ, ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇದನ್ನೆಲ್ಲ ಬರ್ಲಿನ್ ನೋಡುತ್ತಿತ್ತು. 1936ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ರೈನ್‌ಲ್ಯಾಂಡಿಗೆ ನುಗ್ಗಿತು. ಯಾರೂ ತಡೆಯಲಿಲ್ಲ.

ನಿರುದ್ಯೋಗ ಹೋಗಿದ್ದೇನೋ ನಿಜ. ಆದರೆ ಆ ಕೆಲಸಗಳಲ್ಲಿ ದೊಡ್ಡ ಪಾಲು ಶಸ್ತ್ರಾಸ್ತ್ರದ್ದು, ಅದೂ ಸಾಲದ ಹಣದಲ್ಲಿ. ಕಬ್ಬಿಣದ ಅದಿರು, ರಬ್ಬರು, ಎಣ್ಣೆ ಹೊರಗಿನಿಂದ ಬರಬೇಕು, ಕೊಳ್ಳಲು ವಿದೇಶಿ ವಿನಿಮಯವಿಲ್ಲ. 1938ರಲ್ಲಿ ಆಸ್ಟ್ರಿಯಾ ನುಂಗಿದಾಗ ಅಲ್ಲಿನ ಬ್ಯಾಂಕಿನ ಚಿನ್ನವೂ ಸಿಕ್ಕಿತು, ಮರುವರ್ಷ ಚೆಕ್ ದೇಶದ ಸ್ಕೋಡಾ ಶಸ್ತ್ರ ಕಾರ್ಖಾನೆ ಸಿಕ್ಕಿತು. ನಾನು ವೇದಿಕೆಯ ಮೇಲೆ ಹೊಗಳಿದ ಆ ಉದ್ಯೋಗವೇ ಯುದ್ಧವನ್ನು ಬೇಡುತ್ತಿತ್ತು. 1939ರ ಸೆಪ್ಟೆಂಬರ್ 1ರಂದು ಪೋಲೆಂಡ್. ಎರಡು ದಿನಗಳ ನಂತರ ವೈಸ್‌ರಾಯ್ ಲಿನ್‌ಲಿತ್‌ಗೊ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ, ಇಲ್ಲಿನ ಒಬ್ಬ ನಾಯಕನನ್ನೂ ಕೇಳದೆ. ಇದು ನಮ್ಮ ಪುಸ್ತಕದಲ್ಲಿ ಬೇರೆ ಅಧ್ಯಾಯದಲ್ಲಿ, ಬೇರೆ ಪ್ರಶ್ನೆಯಾಗಿ ಬರುತ್ತಿತ್ತು.

ಜನವರಿಯಲ್ಲಿ ಎರಡು ಪೀರಿಯಡ್ ತೆಗೆದುಕೊಂಡು ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಚರ್ಚಾಸ್ಪರ್ಧೆಯ ಕತೆಯನ್ನೂ ಹೇಳಿದೆ, ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ, ಬರೆದುಕೊಳ್ಳುತ್ತಿದ್ದಳು. ಪರೀಕ್ಷೆಗೆ ಒಂದು ವಾರವಿರುವಾಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಸರ್, ಆ ಪ್ರಶ್ನೆ ಬಂದರೆ ಯಾವುದನ್ನು ಬರೆಯಬೇಕು? ನೋಟ್ಸಿನದ್ದಾ, ಆಮೇಲೆ ನೀವು ಹೇಳಿದ್ದಾ?"

ಮೌಲ್ಯಮಾಪನಕ್ಕೆ ಕೂರುವವರು ಯಾರೋ, ಅವರ ಕೈಯಲ್ಲಿರುವ ಮಾದರಿ ಉತ್ತರ ಎಂಥದ್ದೋ. ಬಡವರ ಮನೆಯ ಹುಡುಗಿ, ಅಂಕ ಬಂದರೆ ವಿದ್ಯಾರ್ಥಿವೇತನವಿತ್ತು. ಸುತ್ತ ನನ್ನ ಸಹೋದ್ಯೋಗಿಗಳು ಕುಳಿತಿದ್ದರು.

"ನೋಟ್ಸಿನಲ್ಲಿದ್ದುದನ್ನೇ ಬರೆಯಮ್ಮ" ಎಂದೆ.

ಅವಳಿಗೆ ಇತಿಹಾಸದಲ್ಲಿ 91 ಬಂತು.