ಕಾಫಿಯ ಬುಡ, ಆಚಾರಿಯ ಕೈ

ಮೂಡಿಗೆರೆಯನ್ನು ಬಿಟ್ಟು, ಕೊಟ್ಟಿಗೆಹಾರವನ್ನು ದಾಟಿ ಕಳಸದ ದಾರಿ ಹಿಡಿದ ಪ್ರಯಾಣಿಕನ ಕಣ್ಣು ಸಹಜವಾಗಿಯೇ ಮಂಜು ಮುಸುಕಿದ ಬೆಟ್ಟಗಳ ಮೇಲೆ ನಿಲ್ಲುತ್ತದೆ. ನನ್ನ ಕಣ್ಣು ನಿಂತದ್ದು ಮಾತ್ರ ಒಂದು ಟೀಪಾಯಿಯ ಕಾಲುಗಳ ಮೇಲೆ!

ಮಳೆಗೆ ಸಿಕ್ಕಿ ಕಳಸದ ಸಮೀಪದ ತೋಟದ ಮನೆಯೊಂದರಲ್ಲಿ ಆ ರಾತ್ರಿ ತಂಗಿದ್ದೆ. ಜಗಲಿಯಲ್ಲಿ ಕುಳಿತವನ ಮುಂದೆ ಕಾಫಿಯ ಲೋಟ ಬಂತು. ಲೋಟವನ್ನು ಹೊತ್ತ ಟೀಪಾಯಿಯೂ ಕಾಫಿಯದೇ. ಮುದಿ ರೊಬಸ್ಟಾ ಗಿಡದ ಬುಡವನ್ನು ತಲೆಕೆಳಗು ಮಾಡಿ, ಅದರ ಮೇಲೊಂದು ಹಲಗೆಯನ್ನು ಕೂರಿಸಿದ್ದರು. ಬುಡದಿಂದ ಕವಲೊಡೆದ ಮೂರು ಕಾಂಡಗಳೇ ಅದರ ಮೂರು ಕಾಲುಗಳು.

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುವುದೇ ತೋಟದ ನಿಯಮ. ಮುಪ್ಪಾದ ರೊಬಸ್ಟಾವನ್ನು ಕಿತ್ತರೂ ಬಹುಪಾಲು ಒಲೆಗೇ ಹೋಗುತ್ತದೆ. ಆ ಸೌದೆಯ ರಾಶಿಯಿಂದ ಆಚಾರಿ ಒಂದನ್ನು ಆರಿಸುತ್ತಾನೆ. ತೊಗಟೆಯನ್ನು ಹೆರೆದು ನೆರಳಿನಲ್ಲಿ ನಿಧಾನವಾಗಿ ಒಣಗಿಸುತ್ತಾನೆ, ಅವಸರಪಟ್ಟರೆ ಬಿರುಕು. ತೋಟದವರು ‘ಕಸಿ’ ಎನ್ನುವ ರೆಂಬೆ ಸವರುವ ಕೆಲಸದಿಂದ ವರ್ಷವರ್ಷವೂ ಮೂಡಿದ ಗಂಟುಗಳೇ ಉಜ್ಜಿದ ಮೇಲೆ ಅದಕ್ಕೆ ಒಡವೆ.

ಅದನ್ನು ನೋಡುತ್ತಿದ್ದಂತೆ ಕಾಡುಗಳ ನಾಡಾದ ಫಿನ್‌ಲೆಂಡಿನ ಆಲ್ವಾರ್ ಆಲ್ಟೊ ನೆನಪಾದರು. 1898ರಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳ ಆಸ್ಪತ್ರೆಯನ್ನು ಕಟ್ಟಿದಾಗ ಅದರ ಕುರ್ಚಿಗಳನ್ನೂ ತಾವೇ ರೂಪಿಸಿದರು. ಅವರ ನೆಚ್ಚಿನ ಮರ ಬರ್ಚ್, ನಮ್ಮ ಹಿಮಾಲಯದ ಭೂರ್ಜವೃಕ್ಷದ ದಾಯಾದಿ. ಅದರ ತುದಿಯನ್ನು ಎಳೆಯ ಗುಂಟ ಸೀಳಿ, ಸೀಳುಗಳಲ್ಲಿ ತೆಳುವಾದ ಮರದ ಪದರಗಳನ್ನು ಅಂಟಿನೊಡನೆ ತೂರಿಸಿ ಬಗ್ಗಿಸಿದರು. ಹೀಗೆ 1933ರಲ್ಲಿ ಮೂರು ಕಾಲಿನ ಸ್ಟೂಲು ಹುಟ್ಟಿತು. 1935ರಲ್ಲಿ ಪತ್ನಿ ಐನೊ ಮತ್ತು ಗೆಳೆಯರೊಡನೆ ‘ಆರ್ಟೆಕ್’ ಸಂಸ್ಥೆಯನ್ನು ತೆರೆದರು. ಆಲ್ಟೊ 1976ರಲ್ಲಿ ತೀರಿಕೊಂಡರು. ಸ್ಟೂಲು ಇಂದಿಗೂ ಅವರ ಹೆಸರಿನಲ್ಲೇ ತಯಾರಾಗುತ್ತಿದೆ.

ಆಲ್ಟೊ ನೇರವಾದ ಮರವನ್ನು ಬಗ್ಗಿಸಿ ಎಲ್ಲ ಕಾಲುಗಳನ್ನೂ ಒಂದೇ ತೆರನಾಗಿ ಮಾಡಿದರು. ನಮ್ಮ ಆಚಾರಿ ತಾನಾಗಿಯೇ ಬಾಗಿದ್ದನ್ನು ಹುಡುಕಿ, ಅಂಕುಡೊಂಕಾದ ಮೂರನ್ನೂ ನೆಲದ ಮೇಲೆ ಅಲುಗದಂತೆ ನಿಲ್ಲಿಸಿದ. ಎರಡೂ ಬುದ್ಧಿಯ ಕೆಲಸವೇ. ಆದರೆ ಈ ಎರಡನೆಯವನ ಹೆಸರೇನು?

ಮನೆಯ ಯಜಮಾನರಿಗೆ ತಿಳಿದಿರಲಿಲ್ಲ. ಒಳಗಿದ್ದ ತಾಯಿಯನ್ನು ಕೂಗಿ ಕೇಳಿದರು.

“ಅವನ ಹೆಸರು ಯಾರು ಕೇಳಿದಾರೆ ಮಾರಾಯಾ? ಆಚಾರಿ ಅಂತಲೇ ಕರೀತಿದ್ವು. ಬೇಸಿಗೇಲಿ ಘಟ್ಟದ ಕೆಳಗಿಂದ ಬರ್ತಿದ್ದ. ನಿನ್ನ ತೊಟ್ಟಿಲೂ ಅವನೇ ಮಾಡಿದ್ದು,” ಎಂದರು ಆ ವೃದ್ಧೆ.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಬೆಳಗ್ಗೆ ಮಳೆ ನಿಂತಿತ್ತು. ಅಂಗಳದ ಮೂಲೆಯಲ್ಲಿ ಹೊಸದಾಗಿ ಕಿತ್ತ ಕಾಫಿ ಬುಡಗಳ ರಾಶಿ. ಯಜಮಾನರು ಅದರಲ್ಲೊಂದನ್ನು ಎಳೆದು ಬೇರೆಯಾಗಿ ಇಟ್ಟರು.

“ಮೂಡಿಗೆರೆಯಲ್ಲಿ ಇದನ್ನು ಬಲ್ಲ ಹುಡುಗ ಒಬ್ಬನಿದ್ದಾನೆ. ಮಾಡಿಸುತ್ತೇನೆ ನೋಡಿ,” ಎಂದರು. “ಹಲಗೆಯ ಅಡಿಯಲ್ಲಿ ಅವನ ಹೆಸರನ್ನು ಅವನ ಕೈಯಿಂದಲೇ ಕೊರೆಸುತ್ತೇನೆ.”