ಅಂಬಾಸಿಡರಿಗೆ ತಂಗಾಳಿ

ಬಸವನಗುಡಿಯ ಆ ಮನೆಯಲ್ಲಿ ಅದನ್ನು ಕಾರು ಎಂದು ಯಾರೂ ಕರೆಯುವುದಿಲ್ಲ. 'ಅಪ್ಪನ ಗಾಡಿ' ಎಂದೇ ಅದರ ಹೆಸರು. 1964ರ ಅಂಬಾಸಿಡರ್, ಮಾರ್ಕ್ 2. ತಂದೆ ಕೊಂಡದ್ದು, ಮಗ ಉಳಿಸಿಕೊಂಡದ್ದು. ಆ ಮಗನೂ ಈಗ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ಮನೆಗೆ ಯಜಮಾನರೆನಿಸಿ, ಬೆಳಗಿನ ಎರಡು ಗಂಟೆಗಳನ್ನು ಗಾಡಿಯ ಒರೆಸುವಿಕೆಗೆ ಮೀಸಲಿಟ್ಟಿದ್ದಾರೆ. 1489 ಸಿ.ಸಿ.ಯ ಎಂಜಿನ್ನು ಮೊದಲಿನದೇ. ಮುಂದಿನ ಉದ್ದ ಸೀಟಿನ ಹೊದಿಕೆ ಮಾತ್ರ ಎರಡು ಸಲ ಬದಲಾಗಿದೆ. ತೂತು ಕೊರೆಯಬೇಕಾಗುತ್ತದೆಂಬ ಒಂದೇ ಕಾರಣಕ್ಕೆ ರೇಡಿಯೋ ಕೂಡ ಅದರೊಳಗೆ ಕಾಲಿಟ್ಟಿಲ್ಲ.

ಅಂಥ ಗಾಡಿಗೆ ಏರ್ ಕಂಡೀಷನ್ ಹಾಕಿಸುವ ಮಾತು ಹುಟ್ಟಿದ್ದು ರಾಯಚೂರಿನ ದೆಸೆಯಿಂದ. ಮನೆಯಾಕೆಯ ತವರು ಅದು. ಬೆಂಗಳೂರಿನಿಂದ ನಾನೂರು ಕಿಲೋಮೀಟರಿಗೂ ಮೇಲಿನ ದಾರಿ. ಅನಂತಪುರ ದಾಟಿತೆಂದರೆ ರಸ್ತೆಯೇ ಕಾದ ಹೆಂಚು. ನಲವತ್ತು ವರ್ಷ ಆಕೆ ಆ ದಾರಿಯನ್ನು ಪತಿಯ ಎಡಗಡೆಗೆ ಕುಳಿತೇ ಸವೆಸಿದ್ದರು. ಕಿತ್ತಳೆಯ ತೊಳೆ ಬಿಡಿಸಿ ಕೊಡುವುದು, ಮೈಲಿಗಲ್ಲು ಓದುವುದು, ನಿದ್ದೆ ಬಾರದಂತೆ ಮಾತನಾಡಿಸುವುದು ಅವರ ಪಾಲಿನ ಕೆಲಸ. ಮೂರು ವರ್ಷಗಳ ಹಿಂದಿನ ಮೇ ತಿಂಗಳಲ್ಲಿ, ಆದೋನಿಯ ಸಮೀಪ, ಓದುತ್ತಿದ್ದ ಮೈಲಿಗಲ್ಲಿನ ನಡುವೆಯೇ ಅವರ ಧ್ವನಿ ನಿಂತಿತು. ಕತ್ತು ಕಿಟಕಿಗೆ ವಾಲಿತ್ತು. ರಸ್ತೆಬದಿಯ ಹೋಟೆಲಿನವರು ತಲೆಗೆ ನೀರು ಹೊಯ್ದು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದ ಮೇಲೆ ಕಣ್ಣು ತೆರೆದರು. ಅಂದಿನಿಂದ ಆಕೆ ರಾತ್ರಿಯ ರೈಲು ಹಿಡಿದರು. ಯಜಮಾನರು ಒಮ್ಮೆ ಒಬ್ಬರೇ ಗಾಡಿಯಲ್ಲಿ ಹೋಗಿ ಬಂದರು; ಮತ್ತೆ ಹೋಗಲಿಲ್ಲ.

ಕಾರಿನೊಳಗೆ ತಂಪು ತುಂಬುವ ಆಸೆ ಇಂದಿನದಲ್ಲ. ಅಮೆರಿಕದ ಪ್ಯಾಕರ್ಡ್ ಕಂಪೆನಿ ತನ್ನ 1940ರ ಕಾರುಗಳಲ್ಲಿ ಈ ಸೌಕರ್ಯವನ್ನು ಮೊದಲಿಗೆ ಮಾರಾಟಕ್ಕಿಟ್ಟಿತು. ತಂಪು ಮಾಡುವ ಪೆಟ್ಟಿಗೆ ಹಿಂಭಾಗದಲ್ಲಿ ಕುಳಿತು ಸಾಮಾನಿನ ಜಾಗವನ್ನು ಬಹುವಾಗಿ ನುಂಗುತ್ತಿತ್ತು. ಚಳಿ ಹೆಚ್ಚಾಯಿತೆ? ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಮುಚ್ಚಳ ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕೈಯಿಂದ ಕಳಚಬೇಕಾಗಿತ್ತು! ಶ್ರೀಮಂತರ ಸುಖವೂ ಕೆಲವೊಮ್ಮೆ ಎಷ್ಟು ಬೆವರು ಬೇಡುತ್ತದೆ. 1954ರಲ್ಲಿ ನ್ಯಾಷ್ ಕಂಪೆನಿ ಇಡೀ ಸಾಧನವನ್ನು ಕಾರಿನ ಮುಂಭಾಗದಲ್ಲೇ ಅಡಕಗೊಳಿಸಿ ತೋರಿಸಿತು.

ಯಜಮಾನರು ಇವನ್ನೆಲ್ಲ ಓದಿಕೊಂಡೇ ಕಲಾಸಿಪಾಳ್ಯದ ಬಳಿಯ ಮೆಕ್ಯಾನಿಕನಲ್ಲಿಗೆ ಹೋದರು. ಆತನಿಗೂ ವಯಸ್ಸಾಗಿತ್ತು, ಸುಲಭವಾಗಿ ಹೂಂ ಎನ್ನುವವನಲ್ಲ.

"ಸಾರ್, ತಂಪು ಪುಕ್ಕಟೆ ಬರೋದಿಲ್ಲ," ಎಂದ. "ಒಳಗಿನ ಬಿಸಿಯನ್ನ ಹೊತ್ತು ಹೊರಗೆ ಹಾಕಬೇಕು. ಆ ಕೂಲಿ ಎಂಜಿನ್ನೇ ಕೊಡಬೇಕು."

ಆತ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಐವತ್ತರ ಆಸುಪಾಸಿನ ಅಶ್ವಶಕ್ತಿಯ ಎಂಜಿನ್ನಿನಿಂದ ಕಂಪ್ರೆಸರ್ ಕೆಲವು ಕುದುರೆಗಳನ್ನು ತನ್ನ ಲಾಯಕ್ಕೆ ಎಳೆದುಕೊಳ್ಳುತ್ತದೆ. ಒಳಗಿನ ಬಿಸಿಯನ್ನು ಹೊರಚೆಲ್ಲುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ನಿಲ್ಲುವುದರಿಂದ, ರೇಡಿಯೇಟರಿಗೆ ದೊರೆಯುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಅದಕ್ಕೆ ವಿದ್ಯುತ್ ಫ್ಯಾನ್ ಬೇಕು. ಫ್ಯಾನಿಗೆ, ಒಳಗಿನ ಬ್ಲೋವರಿಗೆ, ಕಂಪ್ರೆಸರಿನ ಅಯಸ್ಕಾಂತದ ಕ್ಲಚ್ಚಿಗೆ ವಿದ್ಯುತ್ತು ಬೇಕು. ಹಳೆಯ ಡೈನಮೋ, ಗಾಡಿ ಸಿಗ್ನಲಿನಲ್ಲಿ ನಿಂತಾಗ ದೀಪಕ್ಕೇ ಸಾಲದಷ್ಟು ಕೊಡುವ ಬಡಪಾಯಿ. ಅದನ್ನು ಇಳಿಸಿ ಆಲ್ಟರ್ನೇಟರ್ ಏರಿಸಬೇಕು. ಇಷ್ಟಾದ ಮೇಲೂ ಬಾಗಿಲಿನ ರಬ್ಬರು ಸವೆದಿದ್ದರೆ ತಂಪೆಲ್ಲ ರಸ್ತೆಯ ಪಾಲು. ಮದುವೆಯ ಖರ್ಚಿನಂತೆ, ಒಂದಕ್ಕೆ ಒಪ್ಪಿದರೆ ಅದರ ಬೆನ್ನಿಗೆ ಹತ್ತು.

ಗ್ಯಾಸಿನ ಕಥೆಯೂ ಬೇರೆಯೇ. ಹಿಂದಿನ ಕಾರುಗಳಲ್ಲಿದ್ದ ಆರ್-12 ಅನಿಲ ಓಜೋನ್ ಪದರವನ್ನು ಹಾಳುಮಾಡುವುದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದು ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಅನಿಲದ ಕಣ ಇನ್ನೂ ಚಿಕ್ಕದು. ಹಳೆಯ ರಬ್ಬರ್ ಕೊಳವೆಗಳ ಗೋಡೆಯಿಂದಲೇ ನುಸುಳಿ ಹೋಗುತ್ತದೆ. ಆದ್ದರಿಂದ ಕೊಳವೆ ಹೊಸ ಬಗೆಯದು, ಎಣ್ಣೆಯೂ ಬೇರೆಯದು.

ಇವೆಲ್ಲಕ್ಕೂ ಯಜಮಾನರು ಒಪ್ಪಿದರು. ಕಂಪ್ರೆಸರ್ ಕೂರಿಸುವ ಆಸರೆಯನ್ನು ಎಂಜಿನ್ನಿನ ಇರುವ ಬೋಲ್ಟುಗಳಿಗೇ ಬಿಗಿಯಬಹುದು. ತಂಪಿನ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂಗುಹಾಕಬಹುದು. ಬೇಡವೆನಿಸಿದ ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬಹುದು. ಆದರೆ ಎರಡು ಕೊಳವೆಗಳು ಒಳಗೆ ಬರಲು ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನಲ್ಲಿ ಎರಡು ತೂತು ಕೊರೆಯಲೇಬೇಕು. ಅದನ್ನು ಮುಚ್ಚಬಹುದೇ ಹೊರತು ಇಲ್ಲವಾಗಿಸಲಾಗದು.

ಈ ಸಂಗತಿ ಮನೆ ತಲುಪಿದಾಗ ಆಕೆ, ಮನಸ್ಸು ಕಲಕಿದಾಗಲೆಲ್ಲ ಬರುವ ತವರಿನ ಮಾತಿನಲ್ಲಿ, "ಮಾವನವರ ಗಾಡಿ ಕೊರಸಬ್ಯಾಡ್ರಿ. ನಾ ರೈಲಿನಾಗ ಹೋಗ್ತೀನಿ," ಎಂದರು.

ಯಜಮಾನರು ಉತ್ತರ ಕೊಡಲಿಲ್ಲ. ಮರುದಿನ ಗಾಡಿಯನ್ನು ಮೆಕ್ಯಾನಿಕನಿಗೆ ಒಪ್ಪಿಸಿದರು. ಡ್ರಿಲ್ಲಿನ ಸದ್ದು ಹೊರಟಾಗ ಎದುರಿನ ಹೋಟೆಲಿಗೆ ಹೋಗಿ ಕಾಫಿ ತರಿಸಿದರು. ಲೋಟ ಹಾಗೆಯೇ ಕೆನೆಗಟ್ಟಿತು. ಹಿಂತಿರುಗಿದಾಗ ಮೆಕ್ಯಾನಿಕನು ತುಂಡಾಗಿ ಬಿದ್ದ ಎರಡು ತಗಡಿನ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒರೆಸಿ, ಏನನ್ನೂ ಹೇಳದೆ ಅವರ ಅಂಗೈಗೆ ಹಾಕಿದ. ಅವೀಗ ತಂದೆಯ ಕನ್ನಡಕದ ಡಬ್ಬಿಯಲ್ಲಿವೆ.

ಮೇ ತಿಂಗಳಲ್ಲಿ ಪಯಣ ಹೊರಟಿತು. ಆಕೆಯ ನೀರಿನ ಕೂಜಕ್ಕೆ ಹಳೆಯ ಜಾಗ ಸಿಗದೆ ಅದು ಹಿಂದಿನ ಸೀಟಿಗೆ ಹೋಯಿತು. ಬೆಂಗಳೂರು ದಾಟುವವರೆಗೆ ಬಾಗಿಲಿನ ತ್ರಿಕೋನದ ಗಾಜನ್ನೇ ತೆರೆದಿಟ್ಟರು; ಅನಂತಪುರದ ಬಳಿಕ ಅದನ್ನು ಮುಚ್ಚಿ ಗುಂಡಿ ಒತ್ತಿದರು. ಇಂದಿನ ಕಾರುಗಳ ಕೊರೆಯುವ ಚಳಿಯಲ್ಲ ಅದು. ಮಣ್ಣಿನ ಮಡಕೆಯ ನೀರಿನಂಥ ತಂಪು. ಸ್ವಲ್ಪ ಹೊತ್ತಿನಲ್ಲೇ ಆಕೆಯ ಕಣ್ಣು ಮುಚ್ಚಿತು. ಯಜಮಾನರು ಬೆಚ್ಚಿ ತಿರುಗಿ ನೋಡಿದರು. ಉಸಿರು ಸಮನಾಗಿತ್ತು, ನಿದ್ದೆಯೇ ಸರಿ.

ಮುಂದೆ ಮೆಕ್ಯಾನಿಕನು ಹೊಸದಾಗಿ ಕೂರಿಸಿದ್ದ ಉಷ್ಣಮಾಪಕದ ಮುಳ್ಳು ಮೇಲೇರತೊಡಗಿತು. ತಂಪು ನಿಲ್ಲಿಸಿದರೆ ಎಂಜಿನ್ನಿಗೆ ಸುಖ. ಅವರು ಗುಂಡಿಯನ್ನು ಮುಟ್ಟಲಿಲ್ಲ. ವೇಗವನ್ನು ಐವತ್ತಕ್ಕಿಳಿಸಿ ರಸ್ತೆಯ ಎಡಕ್ಕೆ ಸರಿದರು. ಹುಲ್ಲಿನ ಲಾರಿಯೊಂದು ಹಾರ್ನ್ ಬಾರಿಸಿ ಮುಂದೆ ಹೋಯಿತು. ಅಪ್ಪನ ಗಾಡಿಯನ್ನು ಹುಲ್ಲಿನ ಲಾರಿ ಹಿಂದಿಕ್ಕಿದ್ದು ಅದೇ ಮೊದಲು. ಮುಳ್ಳು ನಿಧಾನವಾಗಿ ಇಳಿಯಿತು.

ಬಹಳ ಹೊತ್ತಿನ ಮೇಲೆ ಆಕೆ ಎಚ್ಚತ್ತು ಸೆರಗು ಸರಿಮಾಡಿಕೊಂಡರು.

"ಆದೋನಿ ಬಂತೇನ್ರೀ?"

"ಆಗಲೇ ದಾಟಿತು. ಕಿತ್ತಳೆ ಎಲ್ಲಿಟ್ಟಿದ್ದೀಯೆ?"